ಬಸ್ ಅಂದ್ರ ಬಸ್

ಜೂನ್ 24, ಸೋಮವಾರ

ಹುಲಗಪ್ಪ ಬಡಿಗೆ ಹಿಡಕೊಂಡು ಬಾಗಿಲ ಮುಂದೆ ನಿಂತದ್ದು ಇನ್ನೂ ಕಣ್ಣ ಮುಂದಿದೆ. ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೆಂಡತಿ ಮರಿಲಿಂಗಮ್ಮ ಇದ್ದಾಗ ಇಂಥದ್ದೆಲ್ಲ ಆಕೆಗೆ ಹೇಳಿ, ಆಕೆಯಿಂದಲೇ ಬೈಸಿಕೊಂಡು, ಉಂಡು ಮಲಗುತ್ತಿದ್ದೆ. ಯುಗಾದಿ ಮುಂಚೆ ಆಕೆ ತೀರಿಕೊಂಡಳು, ಮೊಮ್ಮಗಳು ನನ್ನ ಕೊರಳಿಗೆ ಬಿದ್ದಳು. ಕೊರಳಿಗೆ ಬಿದ್ದಳು ಅಂತ ಬರೆಯಬಾರದಿತ್ತು. ಬರೆದಾಯಿತು, ಇರಲಿ.

ಆದದ್ದು ಇಷ್ಟು. ಮೊಮ್ಮಗಳು ಪಂಚಶೀಲಾ ಶಾಲೆಯಲ್ಲಿ ಕರೆಮ್ಮನ ತೋಳು ಕಚ್ಚಿದ್ದಾಳೆ. ಕರೆಮ್ಮ ಹುಲಗಪ್ಪನ ಮಗಳು. ಹಲ್ಲು ಊರಿ ಬಿಟ್ಟದ್ದಲ್ಲ, ಚರ್ಮ ಕಿತ್ತು ರಕ್ತ ಅಂಗಿ ತೋಳಿನ ತನಕ ಇಳಿದಿದೆ. ಪಾಠ ಮುಗಿದಿತ್ತಂತೆ, ಟೀಚರ್ ರೇಣುಕಾದೇವಿ ಬಸ್, ಪುಸ್ತಕ ಮುಚ್ಚರಿ ಅಂದರಂತೆ, ನಮ್ಮಾಕೆ ಎದ್ದು ಬಾಗಿಲ ಕಡೆ ಓಡಿದಳಂತೆ. ಕರೆಮ್ಮ ಲಂಗ ಹಿಡಿದು ಎಳೆದಳು. ಅಷ್ಟಕ್ಕೇ ಕಚ್ಚಿದಳು. ಕಾರಣ ಇಲ್ಲದೆ ಹುಚ್ಚು ಹಿಡಿಯುತ್ತದೆ ಅಂತ ಟೀಚರ್ ಹೇಳಿಕಳಿಸಿದ್ದಾರೆ.

ಹುಲಗಪ್ಪ ಟ್ರ್ಯಾಕ್ಟರ್ ಹೊಡೆಯುವವನು, ಮೈಯಲ್ಲಿ ಡೀಸೆಲ್ ವಾಸನೆ, ಮುಂಗೈ ಅಂದರೆ ನನ್ನ ತೊಡೆಯಷ್ಟು. "ಮುದುಕಾ, ಆಕಿ ಹಲ್ಲ ನೀ ಮುರೀತೀಯೋ, ನಾ ಬಂದು ಮುರೀಲ್ಯೋ" ಅಂದ. ಒಳಗ ಕಾಲಿಟ್ಟರ ಆ ಕಾಲು ನಿನ್ನ ಕೈಯಾಗ ಕೊಟ್ಟು ಕಳಸ್ತೀನಿ ಅಂದೆ ನಾನು. ಅವನು ಬಡಿಗೆಯಿಂದ ಬಾಗಿಲ ಚೌಕಟ್ಟಿಗೆ ಒಂದು ಏಟು ಹಾಕಿ ಹೋದ. ಚೌಕಟ್ಟಿನ ಸಿಬಿರು ಎದ್ದಿದೆ.

ಅವನು ಹೋದ ಮೇಲೆ ಬಾಗಿಲು ಹಾಕಿ ಹುಡುಗಿಗೆ ಹೊಡೆದೆ. ಚಪ್ಪಲಿಯಿಂದ. ಅಳಲಿಲ್ಲ. ಎರಡೂ ಕಿವಿ ಮುಚ್ಚಿಕೊಂಡು ಗೋಡೆ ಕಡೆ ಮುಖ ಮಾಡಿ ಕೂತಳು. ಮೂರನೇ ಇಯತ್ತೆ ಹುಡುಗಿ, ಆಡುವ ಮಾತು ಬೆರಳ ಮೇಲೆ ಎಣಿಸಬೇಕು. ಯಾದಗಿರಿ ಡಾಕ್ಟರು ಆಟಿಸಂ ಅಂದಾಗ ನಾನು ಆರ್ಟಿಸ್ಟ್ ಅಂತ ಕೇಳಿಸಿಕೊಂಡು, ಮರಿಲಿಂಗಮ್ಮನಿಗೆ ನೋಡಿದೀ, ಕಲಾವಿದೆ ಆಗ್ತಾಳ ಅಂತ ಹೇಳಿದ್ದೆ. ಕಲಬುರಗಿಯ ಕಾಲೇಜಿನಲ್ಲಿ ಕಲಿತ ಇಂಗ್ಲಿಷ್ ಇಷ್ಟೇ ಉಳಿದಿರುವುದು. ಆಬ್‌ಸ್ಟಿನೇಟ್ ಅಂದರೆ ಹಟಮಾರಿ. ಆಬ್‌ಸ್ಟೆಟ್ರಿಕ್ ಅಂದರೂ ಅದೇ ಇರಬೇಕು. ಈ ಹುಡುಗಿ ಎರಡೂ.

ಜೂನ್ 26, ಬುಧವಾರ

ಕಟ್ಟಿಹಾಕಿದ್ದರು.

ಬಿಸಿಯೂಟದ ಹೊತ್ತಿಗೆ ನೋಡಿಬರೋಣ ಅಂತ ಹೋದೆ. ಮೂರನೇ ಇಯತ್ತೆಯ ಬಾಗಿಲು ಮುಚ್ಚಿ ಕೊಂಡಿ ಹಾಕಿತ್ತು, ಒಳಗಿನಿಂದ ಗೋಡೆಗೆ ಏನೋ ಕುಟ್ಟುವ ಸದ್ದು. ಒದ್ದೆ. ಕೊಂಡಿ ಕಿತ್ತು ಬಿತ್ತು. ಪಂಚಶೀಲಾಳ ನಡುವಿಗೆ ಜಿಗಿಯುವ ಹಗ್ಗ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿದ್ದಾರೆ. ಹಿಂದಲೆಯನ್ನು ಗೋಡೆಗೆ ಹೊಡೆದುಕೊಳ್ಳುತ್ತಿದ್ದಾಳೆ. ಗೋಡೆಯ ಮೇಲೆ ಮಕ್ಕಳು ಬರೆದ ಅಂಕಿಗಳ ಮಧ್ಯೆ ಕೆಂಪು ಕಲೆ.

ಆಮೇಲೆ ನಾನು ಏನು ಮಾಡಿದೆ ಅಂತ ಸರಿಯಾಗಿ ಬರೆಯಲಾರೆ. ಹೆಡ್ ಮಾಸ್ತರ ಖುರ್ಚಿ ಎತ್ತಿ ಅಂಗಳಕ್ಕೆ ಒಗೆದೆ. ನೀರಿನ ಕೊಡ ಒದ್ದೆ. ರೇಣುಕಾದೇವಿಯ ಕಡೆ ಕೈ ಎತ್ತಿಕೊಂಡು ಹೋದೆ, ಅಡುಗೆಯ ಖಾಸಿಂಬೀ ನಡುವೆ ಬಂದಳು. ರೇಣುಕಾದೇವಿ ಓಡಲಿಲ್ಲ. ಸೀರೆಯ ಸೆರಗು ಸರಿಸಿ ಎರಡೂ ತೋಳು ನನ್ನ ಮುಖದ ಮುಂದೆ ಹಿಡಿದರು. ಮೊಣಕೈ ತನಕ ಹಲ್ಲಿನ ಗುರುತು, ಹಳೆಯವು ನೀಲಿ, ಹೊಸವು ಕೆಂಪು.

"ನಲವತ್ತು ಮಕ್ಕಳ್ರಿ, ನಾ ಒಬ್ಬಾಕಿ. ರೋಡಿಗೆ ಓಡಿಹೋಗಿ ಲಾರಿ ಕೆಳಗ ಬಿದ್ದಳಂದ್ರ ನೀವ ಬಂದು ನನ್ನ ಸುಡ್ತೀರಿ. ಕಟ್ಟಲಾರದ ಏನ್ ಮಾಡ್ಲಿ, ಹೇಳ್ರಿ."

ನಾನು ಇನ್ನಷ್ಟು ಕೂಗಾಡಿದೆ. ಬಸ್ ಮಾಡ್ರಿ, ಬಸ್ ಮಾಡ್ರಿ ಅಂತ ಖಾಸಿಂಬೀ ನನ್ನ ಎದೆಗೆ ಕೈಕೊಟ್ಟು ನೂಕುತ್ತಿದ್ದಳು, ಅತ್ತ ಹುಡುಗಿ ಹಗ್ಗ ಜಗ್ಗಿ ಜಗ್ಗಿ ಸರಳು ಅಲ್ಲಾಡುತ್ತಿತ್ತು.

ಜೂನ್ 29, ಶನಿವಾರ

ಹೆಡ್ ಮಾಸ್ತರು ಕರೆಸಿದ್ದರು. ಖುರ್ಚಿಯ ಒಂದು ಕಾಲಿಗೆ ತಂತಿ ಸುತ್ತಿ ಕೂತಿದ್ದರು, ಅದನ್ನು ನೋಡಿ ನಾಚಿಕೆಯೂ ಆಯಿತು, ನಗುವೂ ಬಂತು. ಅವರು ನಗಲಿಲ್ಲ. ಇನ್ನೊಮ್ಮೆ ಮಗುವಿನ ಮೈಯಿಂದ ರಕ್ತ ಬಂದರೆ ಪಂಚಶೀಲಾಳನ್ನು ಮನೆಯಲ್ಲೇ ಇರಿಸಬೇಕು, ಅದಕ್ಕೆ ಗೃಹಾಧಾರಿತ ಶಿಕ್ಷಣ ಅನ್ನುತ್ತಾರೆ, ವಾರಕ್ಕೊಮ್ಮೆ ಟೀಚರ್ ಮನೆಗೆ ಬಂದು ಹೇಳಿಕೊಟ್ಟು ಹೋಗುತ್ತಾರೆ ಅಂದರು. ಆ ಪದ್ಧತಿ ಎದ್ದು ಕೂರಲಾಗದ ಮಕ್ಕಳಿಗೆ ಅಂತ ನನಗೂ ಗೊತ್ತು. ಭೀಮರಾಯನಗುಡಿಯ ನೀರಾವರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವನು ನಾನು, ಹೊರಗೆ ಹಾಕುವುದಕ್ಕೆ ಎಷ್ಟು ಚಂದದ ಶಬ್ದಗಳಿರುತ್ತವೆ ಅಂತ ನನ್ನ ಬೆರಳಿಗೆ ಗೊತ್ತು.

ವಾರದಲ್ಲಿ ಉಳಿದ ದಿನ ಅವಳು ಯಾರ ಜೊತೆ ಇರಬೇಕು? ನನ್ನ ಜೊತೆ. ಈ ಮನೆಯಲ್ಲಿ, ಬಾಗಿಲು ಹಾಕಿಕೊಂಡು. ಮನೆಯಲ್ಲಿ ನನ್ನ ಕೈಯೂ ಇದೆ, ಚಪ್ಪಲಿಯೂ ಇದೆ.

ಸಂಜೆ ಬಸ್ಸಿಗೆ ಪರಿಮಳಾ ಬಂದಳು. ನನ್ನ ಮಗಳು ಅವಳು, ಪಂಚಶೀಲಾಳ ತಾಯಿ. ಕಡೇಚೂರಿನ ಕಡೆ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಾಳೆ, ಗಂಡ ಬಿಟ್ಟುಹೋದ ಮೇಲೆ ಅಲ್ಲೇ ಲೈನ್‌ಮನೆಯಲ್ಲಿ ವಾಸ. ವಾರಕ್ಕೊಮ್ಮೆ ಯಾದಗಿರಿಯಲ್ಲಿ ಬಸ್ಸು ಬದಲಿಸಿ ಶಹಾಪುರಕ್ಕೆ ಬರುತ್ತಾಳೆ, ಭಾನುವಾರ ಸಂಜೆಯ ಬಸ್ಸಿಗೆ ಹೋಗುತ್ತಾಳೆ. ಪಂಚಶೀಲಾ ಕಟ್ಟೆಯ ಮೇಲೆ ಕೂತು ಸುರಪುರ ರೋಡಿನ ಕಡೆ ಕಿವಿ ಕೊಟ್ಟಿರುತ್ತಾಳೆ. ಬಸ್ಸಿನ ಸದ್ದು ಲಾರಿಯ ಸದ್ದಿಗಿಂತ ಬೇರೆ ಅಂತ ಅವಳಿಗೆ ಗೊತ್ತು. ತಾಯಿ ಇಳಿದರೆ ಓಡಿ ಅಪ್ಪಿಕೊಳ್ಳುವುದಿಲ್ಲ, ಅವಳ ಚೀಲಕ್ಕೆ ಮೂಗು ಹಚ್ಚಿ ನಿಲ್ಲುತ್ತಾಳೆ. ಪರಿಮಳಾಗೆ ಹಗ್ಗದ ಸುದ್ದಿ ಹೇಳಿದೆ. ಕೆಲಸ ಬಿಟ್ಟು ಬರ್ತೀನಿ ಅಪ್ಪಾ ಅಂದಳು. ಬಂದು ಏನು ತಿನ್ನುತ್ತೀ ಅಂದೆ. ಹೆಡ್ ಮಾಸ್ತರ ಮಾತು ಮಾತ್ರ ಹೇಳಲಿಲ್ಲ.

ಜುಲೈ 2, ಮಂಗಳವಾರ

ವಿಶೇಷ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕಿ ಅಂತ ಒಬ್ಬರು ಬಂದಿದ್ದರು. ಅಂಬರೀನ ಅಂತ ಹೆಸರು, ಸುರಪುರದವರು, ಸ್ಕೂಟಿ ಮೇಲೆ ಶಾಲೆಯಿಂದ ಶಾಲೆಗೆ ತಿರುಗುತ್ತಾರೆ. ಸಣ್ಣ ವಯಸ್ಸು, ದೊಡ್ಡ ಚಷ್ಮಾ. ಮೊದಲು ಕಿಟಕಿಯ ಸರಳಿಗೆ ಇನ್ನೂ ನೇತಾಡುತ್ತಿದ್ದ ಹಗ್ಗ ಬಿಚ್ಚಿ ತಮ್ಮ ಪರ್ಸಿನೊಳಗೆ ಹಾಕಿಕೊಂಡರು. ರೇಣುಕಾದೇವಿಗೆ ಬೈಯುತ್ತಾರೆ ಅಂತ ನಾನು ಖುಷಿಯಿಂದ ಕಾದೆ. ಬೈಯಲಿಲ್ಲ. ಅವರ ತೋಳು ನೋಡಿ, ಔಷಧ ಹಚ್ಚಿದ್ರೇನ್ರಿ ಅಂತ ಕೇಳಿದರು. ಆ ಹೆಣ್ಣುಮಗಳ ಕಣ್ಣಲ್ಲಿ ನೀರು ಬಂತು. ಅದುವರೆಗೆ ಅದನ್ನು ಯಾರೂ ಕೇಳಿರಲಿಲ್ಲವಂತೆ.

ಸಮನ್ವಯ ಶಿಕ್ಷಣ ಅಂತ ಒಂದಿಷ್ಟು ಹೊತ್ತು ತಿಳಿಸಿ ಹೇಳಿದರು. ಇಂಗ್ಲಿಷಿನಲ್ಲಿ ಇನ್‌ಕ್ಲೂಸಿವ್. ಅದು ನನಗೆ ಚೆನ್ನಾಗಿ ಗೊತ್ತು, ಇನ್‌ಕ್ಲೂಸಿವ್ ಆಫ್ ಟ್ಯಾಕ್ಸ್ ಅಂತ ಜೀವಮಾನವಿಡೀ ಟೈಪ್ ಮಾಡಿದ್ದೇನೆ. ಅಂದರೆ ನಮ್ಮ ಹುಡುಗಿ ಟ್ಯಾಕ್ಸ್ ಇದ್ದಹಾಗೆ, ಯಾರಿಗೂ ಬೇಡ, ಆದರೆ ಒಳಗೇ ಸೇರಿರಬೇಕು. ಇದನ್ನು ಹೇಳಿದೆ. ಅಂಬರೀನ ಮೇಡಂ ನಕ್ಕರು. ಹೆಡ್ ಮಾಸ್ತರು ಇವತ್ತೂ ನಗಲಿಲ್ಲ.

ಆಮೇಲೆ ಆಯಿತು ಗದ್ದಲ. ಗಂಟೆ ಹೊಡೆಯಿತು, ಮಕ್ಕಳು ಕೂಗಿಕೊಂಡು ಎದ್ದರು, ಪಂಚಶೀಲಾ ಕಿವಿ ಮುಚ್ಚಿ ನೆಲಕ್ಕೆ ಹಣೆ ಕುಟ್ಟತೊಡಗಿದಳು. ಮೇಡಂ ಓಡಿಹೋಗಿ ಹಿಂದಿನಿಂದ ತಬ್ಬಿ ಹಿಡಿದರು. "ಬಸ್ ಬೇಟಾ, ಬಸ್, ಬಸ್" ಅಂತ ಮೆಲ್ಲಗೆ, ತಾಯಿ ಅಂದಹಾಗೆ ಅಂದರು. ಹುಡುಗಿ ಒಂದು ಕ್ಷಣ ನಿಂತಳು. ಮರುಕ್ಷಣ ಬಾಗಿಲ ಕಡೆ ಸಿಡಿದಳು, ಮೇಡಂ ಬಿಡಲಿಲ್ಲ, ತಲೆ ಹಿಂದಕ್ಕೆ ಒಗೆದಳು. ಫಟ್ ಅಂತ ಸದ್ದು. ಚಷ್ಮಾ ಎರಡು ತುಂಡು, ಮೂಗಿನಿಂದ ಬಳಬಳ ರಕ್ತ, ಹಳದಿ ದುಪಟ್ಟಾ ಎಲ್ಲ ಕೆಂಪು. ಹಾಗಿದ್ದೂ ಬಿಡಲಿಲ್ಲ, ನಾಲ್ಕು ಮಂದಿ ಸೇರಿ ಹಿಡಿದೆವು. ನಾನು ಕಾಲು ಹಿಡಿದೆ. ಅಷ್ಟು ಸಣ್ಣ ಕಾಲು, ಎದೆಗೆ ಒದ್ದರೆ ಉಸಿರೇ ನಿಂತಿತು.

ರಕ್ತ ಬಂತಲ್ರಿ, ಮಾತು ಮುಗೀತು ಅಂದರು ಹೆಡ್ ಮಾಸ್ತರು.

ಮೇಡಂ ಮೂಗು ಹಿಂಡಿಕೊಂಡೇ, ಮುರಿದ ದನಿಯಲ್ಲಿ ಅಂದರು: "ಮಕ್ಕಳ ರಕ್ತ ಅಂದಿದ್ರಿ ನೀವು. ನಾ ಹೊರಗಿನಾಕಿ, ನಂದು ಲೆಕ್ಕಕ್ಕಿಲ್ರಿ."

ಅವರು ಸ್ಕೂಟಿ ಚಾಲೂ ಮಾಡಿದಾಗ ನಾನು ಹತ್ತಿರ ಹೋದೆ. ಏನೋ ತಪ್ಪು ಮಾಡೀನಿ ಕಾಕಾ, ಏನಂತ ಗೊತ್ತಾಗವಲ್ದು ಅಂದರು. ತಪ್ಪು ಮಾಡಿದವಳು ಹುಡುಗಿ, ಇವರು ಯಾಕೆ ಹಾಗಂದರು?

ಜುಲೈ 4, ಗುರುವಾರ

ಮತ್ತೆ ಹೊಡೆದೆ. ಬರೆಯಲು ಮನಸ್ಸಿಲ್ಲ.

ಜುಲೈ 7, ಭಾನುವಾರ

ಇವತ್ತಿನದ್ದನ್ನು ನಿಧಾನ ಬರೆಯಬೇಕು, ಮುಂಗೈ ನೋಯುತ್ತಿದ್ದರೂ.

ಮಧ್ಯಾಹ್ನ ಮೂವರೂ ಉಣ್ಣಲು ಕೂತಿದ್ದೆವು. ನಾನೇ ರೊಟ್ಟಿ ಬಡಿದಿದ್ದೆ, ಪುಂಡಿಪಲ್ಲೆ ಮಾಡಿದ್ದೆ, ಪರಿಮಳಾ ತಿನ್ನಲಿ ಅಂತ. ಪಂಚಶೀಲಾ ಶಾಂತವಾಗಿದ್ದಳು, ರೊಟ್ಟಿಯ ಅಂಚನ್ನು ಸುತ್ತಲೂ ಮುರಿದು ಮೊದಲು ಅದನ್ನೇ ತಿನ್ನುತ್ತಿದ್ದಳು. ಮಗಳ ತಾಟಿಗೆ ಇನ್ನೊಂದು ಹುಟ್ಟು ಪಲ್ಲೆ ಹಾಕಲು ಹೋದೆ. ಪರಿಮಳಾ ಕೈ ಅಡ್ಡ ಹಿಡಿದು "ಬಸ್ ಅಪ್ಪಾ, ಬಸ್" ಅಂದಳು.

ಹುಡುಗಿ ತಾಟು ಒದ್ದು ಎದ್ದಳು. ಪಲ್ಲೆ ಗೋಡೆಗೆ ಹಾರಿತು. ಬಾಗಿಲಿಗೆ ಹೋದಳು, ಅಲ್ಲಿಂದ ತಿರುಗಿ ತಾಯಿಯ ಮೇಲೆ ಬಿದ್ದಳು, ಕೂದಲು ಹಿಡಿದಳು, ಹೊಡೆದಳು, ಮತ್ತೆ ಬಾಗಿಲಿಗೆ ಓಡಿದಳು. ನಾನು ಹಿಡಿಯಲು ಹೋಗಿ ಮುಂಗೈ ಕಚ್ಚಿಸಿಕೊಂಡೆ. ಚಪ್ಪಲಿಗೆ ಕೈ ಹಾಕಿದೆ. ಪರಿಮಳಾ ನೆಲದ ಮೇಲೆ ಬಿದ್ದಲ್ಲಿಂದಲೇ ಕೂಗಿದಳು.

"ಅಪ್ಪಾ, ಬಿಡು ಆಕಿನ್ನ. ಬಾಗಲಾ ತಗಿ."

ತೆಗೆದೆ. ಹುಡುಗಿ ಕಟ್ಟೆಗೆ ಹೋಗಿ ನಿಂತಳು. ರೋಡು ನೋಡಿದಳು, ಆ ಕಡೆ ಒಮ್ಮೆ, ಈ ಕಡೆ ಒಮ್ಮೆ. ಬಿಸಿಲಲ್ಲಿ ರೋಡು ಖಾಲಿ. ನಿಂತಳು, ನಿಂತಳು, ಒಳಗೆ ಬಂದು ಚೆಲ್ಲಿದ ರೊಟ್ಟಿ ಎತ್ತಿ ಅಂಚು ಹುಡುಕಿ ತಿನ್ನಲು ಕೂತಳು. ಏನೂ ಆಗಿಲ್ಲವೇನೋ ಅನ್ನುವ ಹಾಗೆ.

ಪರಿಮಳಾ ಕೆದರಿದ ಕೂದಲಲ್ಲೇ ನಗುತ್ತಿದ್ದಳು, ಅಳುತ್ತಲೂ ಇದ್ದಳು. ಹುಡುಗಿಗೆ ಕೇಳಿಸದ ಹಾಗೆ ನನ್ನ ಕಿವಿಯಲ್ಲಿ ಅಂದಳು: "ಬಸ್ ಅಂದೆ ನಾ. ಸಾಕು ಅಂತ ಅಂದೆ. ಆಕಿಗೆ ಬಸ್ ಅಂದ್ರ ಬಸ್, ಅಪ್ಪಾ. ನಾ ಹೋಗೋ ಬಸ್, ಬರೋ ಬಸ್."

ನಾನು ಒಪ್ಪಲಿಲ್ಲ, ದನಿ ಮಾತ್ರ ಇಳಿಸಿದೆ. ಊರೆಲ್ಲ ಸಾಕು ಅನ್ನುವುದಕ್ಕೆ ಬಸ್ ಅನ್ನುತ್ತದೆ, ನಿಜಾಮನ ಕಾಲದಿಂದ ಅನ್ನುತ್ತಿದೆ, ಅದಕ್ಕೆಲ್ಲ ಯಾರಾದರೂ ತಾಟು ಒದೆಯುತ್ತಾರೆಯೇ ಅಂದೆ. ಅನ್ನುತ್ತ ಅನ್ನುತ್ತಲೇ ಪಾಠ ಮುಗಿಸುವ ರೇಣುಕಾದೇವಿ ನೆನಪಾದರು, ನನ್ನನ್ನು ನೂಕಿದ ಖಾಸಿಂಬೀ ನೆನಪಾದಳು, ಆ ಮೇಡಂನ ಮೂಗು ನೆನಪಾಯಿತು. ಶಾಂತ ಮಾಡಲು ಎಲ್ಲರೂ ಅವ್ವನ ಬಸ್ಸು ಬಂತು ಅಂತ ಕಿವಿಯಲ್ಲಿ ಹೇಳುವುದು, ಹೇಳಿ ಹೋಗಗೊಡದೆ ಕೈಕಾಲು ಹಿಡಿಯುವುದು. ನಾನಾದರೂ ಕಚ್ಚುತ್ತಿದ್ದೆ.

ಸಂಜೆ ಪರಿಮಳಾ ಹೋದಳು. ಬಸ್ಸು ಹತ್ತುವಾಗ ಹುಡುಗಿ ಗಲಾಟೆ ಮಾಡಲಿಲ್ಲ. ನಿಜವಾದ ಬಸ್ಸಿಗೆ ಅವಳು ಎಂದೂ ಗಲಾಟೆ ಮಾಡಿಲ್ಲ, ಅದೂ ಈಗ ಹೊಳೆಯುತ್ತಿದೆ.

ಜುಲೈ 9, ಮಂಗಳವಾರ

ನಿನ್ನೆಯೇ ಹೋಗಿ ಜಗಳ ತೆಗೆಯಬೇಕು ಅಂತಿದ್ದೆ, ಆ ಮೇಡಂ ಬರುವ ದಿನ ಹೋಗೋಣ ಅಂತ ಹಲ್ಲು ಕಚ್ಚಿ ತಡೆದುಕೊಂಡೆ. ಇವತ್ತು ಮೇಜು ಗುದ್ದಿ ಹೇಳಿದೆ. ರೇಣುಕಾದೇವಿ ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ ಕೂತುಬಿಟ್ಟರು. "ದಿನಾ ನೂರು ಸಲ ಅಂತೀನಲ್ರಿ" ಅಂದರು, ಯಾರಿಗೂ ಅಲ್ಲ, ಎದುರಿನ ಗೋಡೆಗೆ.

ಹಾಗಾದರೆ ಶಾಲೆಯಲ್ಲಿ ಬಸ್ ಅನ್ನುವುದು ಬಂದ್ ಅಂತ ಹೆಡ್ ಮಾಸ್ತರು ಹುಕುಂ ಹೊರಡಿಸಿದರು. ಬಿಸಿಯೂಟದ ತನಕವೂ ನಡೆಯಲಿಲ್ಲ. ಖಾಸಿಂಬೀ ಸಾರು ಬಡಿಸುತ್ತ ಬಸ್ಸಾ ಅಂದಳು, ನಾಲಿಗೆ ಕಚ್ಚಿಕೊಂಡಳು. ಮಕ್ಕಳು ಒಬ್ಬರ ಮೇಲೆ ಒಬ್ಬರು ಚಾಡಿ ಹೇಳಲು ಬಂದರು, ಟೀಚರ್ ಇವ ಬಸ್ ಅಂದ, ಟೀಚರ್ ಇಕಿನೂ ಬಸ್ ಅಂದಳು. ಗದ್ದಲ ನಿಲ್ಲಿಸಲು ಹೆಡ್ ಮಾಸ್ತರು ತಾವೇ "ಏಯ್, ಬಸ್" ಅಂತ ಗದರಿದರು. ಅದುವರೆಗೆ ಕಿವಿ ಮುಚ್ಚಿಕೊಂಡು ಕೂತಿದ್ದ ಪಂಚಶೀಲಾ ಎದ್ದಳು.

ಎಲ್ಲರೂ ಹಿಡಿಯಲು ಧಾವಿಸಿದರು. ಅಂಬರೀನ ಮೇಡಂ ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತರು. ತಡೆದದ್ದು ಹುಡುಗಿಯನ್ನಲ್ಲ, ನಮ್ಮನ್ನು.

"ಮಾತು ನಿಲ್ಲಸಾಕ ಆಗಂಗಿಲ್ರಿ. ಕೈ ನಿಲ್ಲಸಬಹುದು. ಹೋಗಿ ನೋಡ್ಲಿ."

ಹುಡುಗಿ ಅಂಗಳ ದಾಟಿದಳು. ಗೇಟಿಗೆ ಆಗಲೇ ಮೇಡಂ ಸರಪಳಿ ಹಾಕಿಸಿದ್ದರು. ಕಬ್ಬಿಣದ ಪಟ್ಟಿಗಳ ನಡುವೆ ಮುಖ ಇಟ್ಟು ರೋಡು ನೋಡಿದಳು. ಬಸ್ಸಿಲ್ಲ. ಮೊನ್ನೆಯಂತೆಯೇ ತಾನಾಗಿ ವಾಪಸು ಬಂದು ಕೂತಳು.

ಇನ್ನು ಮುಂದೆ ಹೀಗೇ, ಅವಳು ಎದ್ದರೆ ಯಾರೂ ಹಿಡಿಯಬಾರದು, ಒಬ್ಬರು ಜೊತೆಗೆ ಗೇಟಿನ ತನಕ ಹೋಗಿ ನೋಡಿಕೊಂಡು ಬರಬೇಕು, ಸರಪಳಿ ತೆಗೆಯಬಾರದು ಅಂತ ಮೇಡಂ ಹೇಳಿದರು. ಯಾರು ಹೋಗುತ್ತೀರಿ ಅಂತ ಮಕ್ಕಳನ್ನು ಕೇಳಿದರು. ಎಲ್ಲರೂ ಕೆಳಗೆ ನೋಡಿದರು. ಎದ್ದದ್ದು ತೋಳಿಗೆ ಪಟ್ಟಿ ಕಟ್ಟಿಕೊಂಡ ಕರೆಮ್ಮ. ನಿನಗ ಅಂಜಿಕಿ ಇಲ್ಲೇನವ್ವಾ ಅಂತ ರೇಣುಕಾದೇವಿ ಕೇಳಿದರು.

"ನಾ ಹಿಡದಿದ್ದಕ್ಕ ಕಡದಾಳ್ರಿ ಟೀಚರ್. ಹಿಡೀಲಿಲ್ಲಂದ್ರ ಯಾಕ ಕಡೀತಾಳ."

ಈ ಮಾತನ್ನು ಹುಲಗಪ್ಪನ ಮಗಳು ಹೇಳಿದಳು ಅಂತ ಒಪ್ಪಲು ನನಗೆ ಕಷ್ಟವಾಗುತ್ತಿದೆ.

ಜುಲೈ 12, ಶುಕ್ರವಾರ

ಈ ವಾರ ಶಾಲೆಯಿಂದ ಯಾರೂ ಬೈಯಲು ಬಂದಿಲ್ಲ. ಸಂಜೆ ಹಾಲು ಹಾಕಿಸಿಕೊಳ್ಳುವಾಗ ಬಸ್ ಅಂದುಬಿಟ್ಟೆ. ಹುಡುಗಿ ಪಾತ್ರೆ ತಳ್ಳಿಕೊಂಡು ಓಡಿದಳು, ಹಾಲೆಲ್ಲ ನೆಲದ ಪಾಲು. ನಾನೂ ಹಿಂದೆ ಹೋಗಿ ಕಟ್ಟೆಯ ಮೇಲೆ ನಿಂತೆ. ಇಬ್ಬರೂ ರೋಡು ನೋಡಿದೆವು. ಗೊಬ್ಬರ ಹೇರಿದ ಲಾರಿ ಹೋಯಿತು, ಅಮೀನಸಾಬನ ಆಟೋ ಹೋಯಿತು. ಒಳಗೆ ಬಂದು ನೆಲ ಒರೆಸಿದೆ. ಕೈ ಎತ್ತಿದ್ದೆನೋ ಏನೋ, ನೆನಪಿಲ್ಲ. ಚಾ ಇಲ್ಲದೆ ತಲೆ ನೋಯುತ್ತಿದೆ.

ಜುಲೈ 19, ಶುಕ್ರವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೋಳಿ ಕೆದರಿದ ಹಾಗೆ. ಬಲಗೈಯ ಎರಡು ಬೆರಳು ಮುರಿದಿವೆ.

ಮಗಳು ಹುಚ್ಚು ಹುಡುಗಿಯ ಜೊತೆ ಗೇಟಿಗೆ ಹೋಗುತ್ತಾಳೆ ಅಂತ ಯಾರೋ ಹುಲಗಪ್ಪನ ಕಿವಿಗೆ ಹಾಕಿದ್ದಾರೆ. ಇವತ್ತು ಟ್ರ್ಯಾಕ್ಟರ್ ನಿಲ್ಲಿಸಿ ಬಂದ. ಆ ಹೊತ್ತಿಗೇ ಇಬ್ಬರು ಹುಡುಗಿಯರೂ ಗೇಟಿಗೆ ಮುಖ ಹಚ್ಚಿ ನಿಂತಿದ್ದರು. ನಾನು ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಕೂತಿದ್ದೆ, ದಿನಾ ಕೂರುತ್ತೇನೆ, ಕಾಯುವವರು ಬೇಕಲ್ಲ. ಅವನು ಸರಪಳಿ ಕಿತ್ತು ಒಳಗೆ ಬಂದ. ಮೊದಲು ಕರೆಮ್ಮನ ಕೆನ್ನೆಗೆ ಬಿಟ್ಟ. ಆ ಕೂಸು ಗಿರ್ರನೆ ತಿರುಗಿ ಬಿತ್ತು. ಆಮೇಲೆ ಪಂಚಶೀಲಾಳಿಗೆ ಹೊಡೆದ, ತಲೆಯ ಮೇಲೆ.

ಕೈಯಲ್ಲಿ ಛತ್ರಿ ಇತ್ತು. ಹಿಡಿ ಕಟ್ಟಿಗೆಯದ್ದು. ಅವನ ನೆತ್ತಿಗೆ ಹಾಕಿದೆ. ಒಂದಲ್ಲ, ಎರಡಲ್ಲ. ತಲೆ ಬಿಚ್ಚಿತು, ರಕ್ತ ಹುಬ್ಬಿನ ಮೇಲಿಂದ ಕಣ್ಣಿಗೆ ಇಳಿಯಿತು, ಅವನು ಕುರುಡನ ಹಾಗೆ ಕೈ ಬೀಸಿ ನನ್ನ ಬೆರಳು ಸಿಕ್ಕದ್ದೇ ಹಿಂದಕ್ಕೆ ಮುರಿದ. ಕಟಕ್ ಅಂದದ್ದು ಕೇಳಿಸಿತು, ನೋವು ಆಮೇಲೆ ಬಂತು. ಇಬ್ಬರೂ ಮಣ್ಣಿನಲ್ಲಿ ಬಿದ್ದೆವು. ಅವನ ಕಿವಿ ನನ್ನ ಬಾಯಿಗೆ ಸಿಕ್ಕಿತು. ಕಚ್ಚಿದೆ. ರಕ್ತದ ರುಚಿ ಉಪ್ಪು, ಸ್ವಲ್ಪ ಡೀಸೆಲ್.

ಹೆಡ್ ಮಾಸ್ತರು, ಖಾಸಿಂಬೀ, ರೋಡಿನ ಮಂದಿ, ಎಲ್ಲರೂ ಬಂದು ನನ್ನನ್ನು ಹಿಂದಿನಿಂದ ಹಿಡಿದರು, ಕೈ ಹಿಡಿದರು, ಕಾಲು ಹಿಡಿದರು. ಬಸ್ ಮಾಡೋ ಮುದುಕಾ, ಬಸ್ ಮಾಡು ಅಂತ ಹತ್ತು ಬಾಯಿ. ಅವರು ಹಿಡಿದಷ್ಟೂ ನನಗೆ ಸಿಟ್ಟು ಇನ್ನೂ ಹೆಚ್ಚು ಬಂತು. ಯಾರನ್ನು ಒದ್ದೆನೋ ಗೊತ್ತಿಲ್ಲ. ಖಾಸಿಂಬೀಯ ಬಳೆ ಒಡೆದವು.

ಅಷ್ಟು ಮಂದಿ ಬಸ್ ಬಸ್ ಅನ್ನುವಾಗ ಪಂಚಶೀಲಾ ತೆರೆದ ಗೇಟಿಗೆ ಹೋದಳು. ಸರಪಳಿ ಇಲ್ಲ, ಆಚೆ ರೋಡು. ಕೆನ್ನೆ ಊದಿಸಿಕೊಂಡ ಕರೆಮ್ಮ ಎದ್ದು ಜೊತೆಗೆ ಹೋದಳು. ಗೇಟಿನ ಗೆರೆಯಲ್ಲಿ ಇಬ್ಬರೂ ನಿಂತರು. ಆ ಕಡೆ ನೋಡಿದರು, ಈ ಕಡೆ ನೋಡಿದರು. ಬಸ್ಸಿಲ್ಲ ಅಂತ ಕರೆಮ್ಮ ಕೈ ಅಲ್ಲಾಡಿಸಿ ತೋರಿಸಿದಳು. ಇಬ್ಬರೂ ತಿರುಗಿ, ಮಣ್ಣಿನಲ್ಲಿ ಬಿದ್ದಿದ್ದ ನಮ್ಮಿಬ್ಬರನ್ನು ಸುತ್ತು ಹಾಕಿಕೊಂಡು ಒಳಗೆ ಹೋದರು.

ಸರಕಾರಿ ದವಾಖಾನೆಯಲ್ಲಿ ಹುಲಗಪ್ಪನಿಗೆ ಹೊಲಿಗೆ ಹಾಕಿದರು, ನನ್ನ ಬೆರಳಿಗೆ ಪಟ್ಟಿ. ಒಂದೇ ಬೆಂಚಿನ ಮೇಲೆ ಕೂರಿಸಿದ್ದರು. ಸೆಲ್ಫ್ ಡಿಫಿಡೆನ್ಸ್ ಅಂತ ಪೊಲೀಸರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಆ ಶಬ್ದ ಅದಲ್ಲ ಅನಿಸುತ್ತದೆ. ಇಬ್ಬರಿಗೂ ಬೈದು, ಮತ್ತೊಮ್ಮೆ ಆದರೆ ಒಳಗೆ ಹಾಕುತ್ತೇವೆ ಅಂತ ಬಿಟ್ಟರು.

ಜುಲೈ 21, ಭಾನುವಾರ

ಪರಿಮಳಾಗೆ ಎಲ್ಲ ಹೇಳಬೇಕಾಯಿತು, ಹೆಡ್ ಮಾಸ್ತರ ಷರತ್ತನ್ನೂ. ನನ್ನ ಬೆರಳು ನೋಡಿ ಅಯ್ಯೋ ಅನ್ನುತ್ತಾಳೆ ಅಂದುಕೊಂಡಿದ್ದೆ. ಅನ್ನಲಿಲ್ಲ. "ಆಕಿ ಕಡದ್ರ ಶಾಲಿ ಬಿಡಸ್ತಾರಂತ ಅಂಜಿದ್ದಿ ಅಪ್ಪಾ. ಈಗ ನೀ ಕಡದೀದಿ" ಅಂದಳು. ಮಂಗಳವಾರ ಶಾಲೆಯ ಸಮಿತಿಯವರು ಕೂಡಿ ತೀರ್ಮಾನ ಮಾಡುತ್ತಾರಂತೆ. ರಜೆ ಹಾಕಿ ಇಲ್ಲೇ ಉಳಿದಿದ್ದಾಳೆ. ನನ್ನ ಜೊತೆ ಮಾತಿಲ್ಲ. ಆ ಹುಲಗಪ್ಪನ ಜೊತೆ ಯಾರಾದರೂ ಸುಮ್ಮನಿರಲು ಸಾಧ್ಯವೇ? ಪ್ರೊವೊಕೇಶನ್ ಅನ್ನುವುದು ಒಂದಿದೆ.

ಜುಲೈ 23, ಮಂಗಳವಾರ

ಸಭೆ ಆಯಿತು. ಅಂಗಳದಲ್ಲಿ ಜಮಖಾನೆ ಹಾಸಿದ್ದರು. ತಂದೆತಾಯಿಗಳು ನಾನಂದುಕೊಂಡದ್ದಕ್ಕಿಂತ ಹೆಚ್ಚು ಬಂದಿದ್ದರು. ಹುಲಗಪ್ಪ ತಲೆಗೆ ಪಟ್ಟಿ ಸುತ್ತಿಕೊಂಡು ಒಂದು ಮೂಲೆ, ನಾನು ಇನ್ನೊಂದು ಮೂಲೆ, ನಡುವೆ ಪರಿಮಳಾ.

ಕೆಲವರು ಕಟುವಾಗಿಯೇ ಹೇಳಿದರು. ಅಂಥ ಕೂಸಿಗೆ ಬೇರೆ ಶಾಲೆ ಇರುತ್ತದೆ, ನಮ್ಮ ಮಕ್ಕಳ ಮೈಯ ಮೇಲೆ ಯಾಕೆ ಪ್ರಯೋಗ ಅಂದರು. ಪೊಲೀಸು ಬಂದ ಶಾಲೆಗೆ ಕಳಿಸುವುದು ಹೇಗೆ ಅಂದರು. ಹುಲಗಪ್ಪ ಎದ್ದು, ಆ ಹುಡುಗಿ ಬಂದ ಮ್ಯಾಲೆನೇ ಇದೆಲ್ಲ ರಕ್ತ ಅಂದ. ಹೆಡ್ ಮಾಸ್ತರು ತಲೆ ಆಡಿಸಿದರು. ಅಂಬರೀನ ಮೇಡಂ ಬಾಯಿ ತೆರೆಯುವಷ್ಟರಲ್ಲಿ ರೇಣುಕಾದೇವಿ ಎದ್ದು ನಿಂತರು. ಅವರು ನಮ್ಮ ಕಡೆ ಮಾತಾಡುತ್ತಾರೆ ಅಂತ ನನಗೆ ಆಸೆಯೇ ಇರಲಿಲ್ಲ. ಸೆರಗು ಸರಿಸಿ ತೋಳು ತೋರಿಸಿದರು. ಎಲ್ಲ ಹಳೆಯ ಗುರುತು, ಹಳದಿಗೆ ತಿರುಗಿವೆ.

"ನಾ ಆಕಿನ್ನ ಹಿಡಿಯೋದು ಬಿಟ್ಟ ಮ್ಯಾಲ ಆಕಿ ನನ್ನ ಮುಟ್ಟಿಲ್ರಿ. ಯಾರನ್ನೂ ಮುಟ್ಟಿಲ್ಲ. ಮೊನ್ನಿ ಈ ಅಂಗಳದಾಗ ರಕ್ತ ಬಂತು, ಖರೆ. ಅದು ಮಕ್ಕಳು ತಂದದ್ದಲ್ಲ. ಇಬ್ಬರು ದೊಡ್ಡೋರು ಗೇಟಿನ ಹೊರಗಿಂದ ತಂದದ್ದು. ಹೊರಗ ಹಾಕೋದಿದ್ರ ಅವರನ್ನ ಹಾಕ್ರಿ."

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಹೆಣ್ಣುಮಕ್ಕಳೆಲ್ಲ ಹೌದು ಹೌದು ಅಂದರು. ಕರೆಮ್ಮನ ತಾಯಿ, ಇಷ್ಟು ದಿನ ಒಂದು ಮಾತಾಡದಾಕೆ, ಎಲ್ಲರಿಗಿಂತ ಜೋರಾಗಿ ಹೌದು ಅಂದಳು. ಹುಲಗಪ್ಪ ಆಕೆಯ ಕಡೆ ತಿರುಗಿದ. ಆಕೆ ಕಣ್ಣು ಕೆಳಗೆ ಹಾಕಲಿಲ್ಲ.

ತೀರ್ಮಾನ ಹೀಗೆ: ಪಂಚಶೀಲಾ ಮೂರನೇ ಇಯತ್ತೆಯಲ್ಲೇ ಇರಬೇಕು. ಕರೆಮ್ಮ, ಮತ್ತೆ ಮನಸ್ಸಿದ್ದ ಇನ್ನೂ ಕೆಲವು ಮಕ್ಕಳು, ಸರದಿಯ ಮೇಲೆ ಜೊತೆಗೆ ಹೋಗಬೇಕು. ಹುಲಗಪ್ಪ ಮತ್ತು ಶ್ರೀಮಂತ, ಅಂದರೆ ನಾನು, ಶಾಲೆಯ ಗೇಟಿನೊಳಗೆ ಕಾಲಿಡಬಾರದು. ವಿತ್ ಇಮ್ಮಿಡಿಯೇಟ್ ಎಫೆಕ್ಟ್.

ನಾನು ಎದ್ದು ಕೂಗಾಡಬೇಕೆಂದಿದ್ದೆ. ಬೆರಳು ಮುರಿಸಿಕೊಂಡವನನ್ನೇ ಹೊರಗೆ ಹಾಕುವುದು ಯಾವ ನ್ಯಾಯ? ಒಳಗೆ ಬರಬಾರದವನಿಗೆ ಇಂಗ್ಲಿಷಿನಲ್ಲಿ ಒಂದು ಶಬ್ದವಿದೆ, ಪರ್ಸನಲ್ ನಾನ್ ಗ್ರಾಂಟ್ ಅಂತ ಏನೋ. ಆದರೆ ಪರಿಮಳಾ ನನ್ನ ಮೊಣಕಾಲ ಮೇಲೆ ಕೈ ಇಟ್ಟಿದ್ದಳು. ಒತ್ತಿ ಹಿಡಿದದ್ದಲ್ಲ, ಸುಮ್ಮನೆ ಇಟ್ಟದ್ದು. ಕೂತೇ ಇದ್ದೆ. ಒಪ್ಪಿಗೆ ಅಂತ ಬರೆದುಕೊಂಡರು.

ಜುಲೈ 25, ಗುರುವಾರ

ಪರಿಮಳಾ ನಿನ್ನೆ ಕೆಲಸಕ್ಕೆ ಹೋದಳು. ಇವತ್ತು ನಾನೇ ಶಾಲೆಗೆ ಬಿಟ್ಟು ಬಂದೆ. ಗೇಟಿನ ತನಕ.

ಎಡಗೈಯಿಂದ ಹುಡುಗಿಗೆ ಚಪ್ಪಲಿ ಹಾಕಿಸಿದ್ದೆ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಆಗಿದೆ ಅಂತ ಅವಳು ಗೇಟು ದಾಟಿದ ಮೇಲೆ ಕಂಡಿತು. ಕಾಲು ಅಡ್ಡಡ್ಡ ಇಡುತ್ತ ಅಂಗಳದ ನಡುವೆ ಹೋಗುತ್ತಿದ್ದಳು. ಕೂಗಿದರೆ ತಿರುಗುವವಳಲ್ಲ. ಪಕ್ಕದಲ್ಲಿ ಹುಲಗಪ್ಪ, ಅವನೂ ಮಗಳನ್ನು ಬಿಟ್ಟು ನಿಂತಿದ್ದ, ಗೇಟಿನ ಆ ಕಂಬಕ್ಕೆ ಅವನು, ಈ ಕಂಬಕ್ಕೆ ನಾನು. ನನ್ನ ಹಲ್ಲಿನ ಗುರುತು ಅವನ ಕಿವಿಯ ಮೇಲೆ ಕಪ್ಪಗೆ ಕಾಣುತ್ತಿತ್ತು. ಇಬ್ಬರೂ ಒಳಗೆ ನೋಡುತ್ತಿದ್ದೆವು. ಹುಡುಗಿ ಎಡವಿದಳು. ಬಿದ್ದಳು ಅಂತ ನಾನು ಒಂದು ಹೆಜ್ಜೆ ಹಾಕಿಬಿಟ್ಟೆ.

"ಮುತ್ಯಾ," ಅಂದ ಹುಲಗಪ್ಪ, ರೋಡಿನ ಕಡೆ ಮುಖ ಮಾಡಿ, "ಗೇಟು."

ಕಾಲು ಹಿಂದಕ್ಕೆ ತಗೊಂಡೆ. ಹುಡುಗಿ ತಾನೇ ಎದ್ದಳು.